‘ನಿಲ್ಲಿಸಿ’ ಪದದ ಬಗ್ಗೆ ನಾನು ಪಾಠ ಮಾಡಿದ್ದು

ಮೂರನೇ ಕ್ಲಾಸಿಗೇ ಶಾಲೆ ನಿಲ್ಲಿಸಿದವಳು ನಾನು. ಹಾಗಾಗಿ ‘ನಿಲ್ಲಿಸು’ ಎಂಬ ಪದದ ಬಗ್ಗೆ ನನಗಿಂತ ಚೆನ್ನಾಗಿ ಪಾಠ ಮಾಡುವವರು ಇಡೀ ಟೆಕ್ಸಸ್‌ನಲ್ಲೇ ಇಲ್ಲವೆಂದು ನಂಬಿದ್ದೆ!

ಲೂಯಿಸ್‌ವಿಲ್‌ನ ನಮ್ಮ ಮನೆಯಲ್ಲಿ ಭಾನುವಾರ ಸೊಸೆ ರೇಖಾ ಅಕ್ಕಪಕ್ಕದ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತಾಳೆ. ಆ ವಾರ ಅವಳು ಆಸ್ಟಿನ್‌ಗೆ ಹೋಗಬೇಕಾಗಿ ಬಂತು.

“ಅತ್ತೆ, ಈ ವಾರದ ಪದ ‘ನಿಲ್ಲಿಸು’. ಅದರ ಅರ್ಥ, ಎಲ್ಲಿಂದ ಬಂತು, ಹೇಗೆ ಬಳಸೋದು, ಇಷ್ಟು ಹೇಳಿ ಸಾಕು. ಅನು ಇವತ್ತು ಎಲ್ಲರ ಮುಂದೆ ಕನ್ನಡ ಮಾತಾಡ್ತೀನಿ ಅಂತ ಒಪ್ಪಿದಾಳೆ. ಮೊದಲನೇ ಸಲ. ಅವಮಾನ ಆದ್ರೆ ಇನ್ನು ಬಾಯೇ ಬಿಡಲ್ಲ.”

“ನಂಗೇ ಹೇಳ್ಕೊಡ್ತೀಯಾ? ಹೋಗಮ್ಮ!” ಎಂದೆ. ಅನು ನನ್ನ ಮೊಮ್ಮಗಳು, ಒಂಬತ್ತು ವರ್ಷದವಳು.

ಅರ್ಥ ಹೇಳಿದೆ: ಮಾಡುತ್ತಿರುವುದನ್ನು ಬಿಡುವುದು. ಎಲ್ಲಿಂದ ಬಂತು ಎಂದು ಮಕ್ಕಳು ಕೇಳಿದರು. “ನಮ್ಮಮ್ಮನ ಬಾಯಿಂದ” ಎಂದೆ. ಬರೆದುಕೊಂಡರು. ಉಳಿದದ್ದು ಬಳಕೆ. ಅದಕ್ಕೆಂದೇ ಶ್ಯಾವಿಗೆ ಪಾಯಸ ಮಾಡಿಟ್ಟಿದ್ದೆ. ನಾನು ಬಡಿಸುವುದು, ಮಗು ‘ನಿಲ್ಲಿಸಿ’ ಎನ್ನುವುದು.

ಅನು ಬಟ್ಟಲು ಹಿಡಿದಳು. ಒಂದು ಸೌಟು ಬಿತ್ತು.

“ನಿಲ್ಲಿಸಿ ಅಜ್ಜಿ.”

ಎಷ್ಟು ಸ್ಪಷ್ಟ! ಇನ್ನೊಂದು ಸೌಟು ಹಾಕಿದೆ.

ನಮ್ಮ ಕಡೆ ಮೊದಲ ಸಲ ಬೇಡ ಎನ್ನುವುದು ಸಂಕೋಚ, ಎರಡನೆಯದು ಮರ್ಯಾದೆ. ಎಲೆಯ ಮೇಲೆ ಬೋರಲು ಬಿದ್ದರೆ ಮಾತ್ರ ನಿಜವಾಗಿ ಬೇಡ. ಐವತ್ತು ವರ್ಷ ಹೀಗೇ ಬಡಿಸಿದ ಕೈ ಇದು.

“ನಿಲ್ಲಿಸಿ!”

ಮೂರನೆಯ ಸೌಟು. ಪಾಯಸ ಬಟ್ಟಲು ದಾಟಿ, ನೋಟ್‌ಬುಕ್ ದಾಟಿ, ಅವಳ ಲಂಗಕ್ಕೂ ನೆಲಕ್ಕೂ ಇಳಿಯಿತು.

“ಅಜ್ಜಿ, ಐ ಸೆಡ್ ಇಟ್ ರೈಟ್!” ಅನುವಿನ ಕಣ್ಣಲ್ಲಿ ನೀರು.

ಪಕ್ಕದ ಮನೆಯ ಪ್ರಣತಿ ಕೈ ಎತ್ತಿದಳು. “ಸೋ ಅಜ್ಜಿ, ನಿಲ್ಲಿಸಿ ಮೀನ್ಸ್ ಮೋರ್?”

ಎಲ್ಲ ಮಕ್ಕಳೂ ಬರೆದುಕೊಂಡರು!

ಸಕ್ಕರೆ ಕಾಯಿಲೆಯ ನನ್ನ ಗಂಡನೂ ತಟ್ಟೆಗೆ ಕೈ ಅಡ್ಡ ಹಿಡಿಯುತ್ತಿದ್ದರು. ನಾನು ಬೆರಳ ಸಂದಿಯಲ್ಲೇ ಸುರಿಯುತ್ತಿದ್ದೆ. ಆ ಮನುಷ್ಯನದು ಸಂಕೋಚವಲ್ಲ ಎಂದು ಈಗ ಹೊಳೆಯಿತು. ಹೊಳೆದು ಏನು ಪ್ರಯೋಜನ, ಅವರಿಲ್ಲ.

ತಪ್ಪು ಮುಚ್ಚಲು ಬಾಯಿ ತೆರೆದೆ. ಪಂಕ್ತಿ, ಬಾಳೆಲೆ, ಬೀಗರು, ಉಪಚಾರ! ಹತ್ತು ನಿಮಿಷ ಉಪನ್ಯಾಸ ಕೊಟ್ಟೆ. ಅನು ಎದ್ದು ಬಾಗಿಲ ಕಡೆ ನಡೆದಳು. ಮುಗಿಯಿತು, ಈ ಹುಡುಗಿ ಕನ್ನಡದ ಸಹವಾಸ ಬಿಟ್ಟಳು ಎಂದುಕೊಂಡೆ. ಅವಳು ತಿರುಗಿ ಸೊಂಟದ ಮೇಲೆ ಕೈಯಿಟ್ಟಳು.

“ಅಜ್ಜಿ, ಫಸ್ಟ್ ಮಾತು ನಿಲ್ಲಿಸಿ. ಆಮೇಲೆ ಬಟ್ಟೆ ತಂದು ಒರೆಸಿ.”

ಎರಡು ವಾಕ್ಯ! ಎಲ್ಲರ ಮುಂದೆ! ‘ಶಭಾಷ್, ಇನ್ನೊಂದು ಹೇಳು’ ಎನ್ನಲು ಹೊರಟವಳು ಅವಳ ಮುಖ ನೋಡಿ ಬಾಯಿ ಮುಚ್ಚಿಕೊಂಡೆ.

ಆ ದಿನ ತರಗತಿಯಲ್ಲಿ ಪದವನ್ನು ಸರಿಯಾಗಿ ಕಲಿತವಳು ಒಬ್ಬಳೇ. ಮೂರನೇ ಕ್ಲಾಸಿಗೇ ಶಾಲೆ ನಿಲ್ಲಿಸಿದ ಆ ವಿದ್ಯಾರ್ಥಿನಿ ಮಂಡಿಯೂರಿ ನೆಲ ಒರೆಸುತ್ತಿದ್ದಳು.