ಮಾವನವರು ಸಾಕಿದ ಬೂಷ್ಟು

ನಮ್ಮ ಮಾವನವರು ಮನೆಯಲ್ಲಿ ಬೂಷ್ಟು ಸಾಕಿದ್ದರು ಎಂದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ! ಅದರಲ್ಲೂ ಮೂವತ್ತು ವರ್ಷ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಚರ್ಮದ ಬೂಷ್ಟು ಕೊಲ್ಲುವ ಗಜಕರ್ಣದ ಪುಡಿ ತಯಾರಿಸಿ, ಬೂಷ್ಟಿನ ವಂಶವನ್ನೇ ಹಾಳು ಮಾಡಿದ ಮನುಷ್ಯ!

ದಸರೆ ಮುಗಿದದ್ದೇ ತಡ, ಗಚ್ಚಿಬೌಲಿಯ ನಮ್ಮ ಒಂಬತ್ತನೇ ಮಹಡಿಯ ಬಾಲ್ಕನಿಗೆ ಒಂದು ಚೀಲ ಮಣ್ಣು ಬಂತು. ಮಾವನವರು ಅದರಲ್ಲಿ ಕಂದು ಪುಡಿಯೊಂದನ್ನು ಉದುರಿಸಿ, ಮೊಳಕೆ ಬಂದ ಬಟಾಟೆ ಹೂತರು.

"ಏನ್ರೀ ಮಾವಾರ ಇದು?"

"ಬೂಷ್ಟ, ತಂಗಿ. ಒಳ್ಳೇ ಬೂಷ್ಟ."

"ಬೂಷ್ಟಿನ್ಯಾಗ ಒಳ್ಳೇದು ಬ್ಯಾರೆ ಇರತೈತೇನ್ರಿ?"

"ಬೇರಿಗೆ ಅಂಟಿಕೊಂಡು, ಬೇರು ಮುಟ್ಟಲಾರದ ಕಡಿಂದ ನೀರು, ಸಾರ ತಂದ ಕೊಡತೈತಿ. ಗಿಡ ಇದಕ್ಕ ಸಕ್ಕರಿ ಕೊಡತೈತಿ. ಥೇಟ್ ನಿನ್ನ ಗಂಡನ ಕಂಪನಿ ಕ್ಯಾಬ್ ಇದ್ದಂಗ, ಮನೀ ಬಾಗಿಲಿಗೇ ಸೇವಾ!"

ಗಂಡನ ಮ್ಯಾನೇಜರ್ ಊಟಕ್ಕೆ ಬಂದಾಗ ಮಾವನವರು ಮಣ್ಣು ಮೆತ್ತಿದ ಬೇರೊಂದನ್ನು ತಟ್ಟೆಯ ಪಕ್ಕ ಇಟ್ಟು, "ಇಸ್ಮೇ ಭೀ ನೆಟ್‌ವರ್ಕ್ ಹೈ, ಸಾಬ್" ಅನ್ನಬೇಕೇ! ಆ ಪುಣ್ಯಾತ್ಮ ಮೊಸರನ್ನ ಬಿಟ್ಟು ಎದ್ದ.

ಈ ಎಲ್ಲ ಸಾಹಸ ಅತ್ತೆಯವರಿಗಾಗಿ. ಕಾರ್ಖಾನೆಯ ಗಾಳಿ ಗಂಡನಿಗೆ ತಾಗದಿರಲೆಂದು ಪ್ರತಿ ಏಕಾದಶಿ ಬೇಯಿಸಿದ ಬಟಾಟೆಯಷ್ಟೇ ತಿಂದು ಉಪವಾಸ ಮಾಡಿದವರು ಅವರು. ಇನ್ನು ಉಪವಾಸ ಬೇಡವೆಂದು ಡಾಕ್ಟರು ಗದರಿಸಿದ್ದರಿಂದ ಬರುವ ವೈಕುಂಠ ಏಕಾದಶಿಯೇ ಕಡೆಯದು. "ಅವತ್ತರೆ ಆಕಿ ನಾ ಬೆಳದದ್ದು ತಿನಬೇಕು" ಎಂದು ಮಾವನವರ ಹಟ.

ಇನ್ನೆರಡು ವಾರವಿದೆ ಎನ್ನುವಾಗ ಮಣ್ಣಿನ ಮೇಲೆ ಬಿಳಿ ನೂಲಿನಂಥದು ಕಂಡಿತು. ಬೆಳೆ ಕೊಳೆಯಿತಲ್ಲಪ್ಪಾ! ಮಾವನವರು ದಿಲ್‌ಸುಖ್‌ನಗರಕ್ಕೆ ಹೋಗಿದ್ದರು. ಅವರ ಕಪಾಟಿನಲ್ಲಿ ಅವರದೇ ಕಾರ್ಖಾನೆಯ ಪುಡಿಯ ಡಬ್ಬಿ ಇತ್ತು. ಪೂರ್ತಿ ಸುರಿದುಬಿಟ್ಟೆ!

ಬಂದು ನೋಡಿದವರು ಕೂಗಾಡಲಿಲ್ಲ. ಚೀಲದ ಪಕ್ಕ ಕೂತು, "ಒಳ್ಳೇ ಬೂಷ್ಟನ್ನ ನನ್ನ ಪುಡೀಲೇ ಕೊಂದೆಲ್ಲ, ತಂಗಿ" ಅಂದರು. ನಾನು ಅತ್ತುಬಿಟ್ಟೆ.

ಏಕಾದಶಿಯ ಬೆಳಿಗ್ಗೆ ಅವರು ಚೀಲ ಬಗೆದರೆ ನಿಂಬೆಹಣ್ಣಿನಷ್ಟು ಮೂರೇ ಮೂರು ಬಟಾಟೆ! ಬೇಯಿಸಿ, ಸುಲಿದು, ತಲೆ ತಗ್ಗಿಸಿಕೊಂಡೇ ಅತ್ತೆಯವರ ಮುಂದೆ ಹಿಡಿದರು. ಅತ್ತೆಯವರು ಬಟಾಟೆ ತೆಗೆದುಕೊಳ್ಳಲಿಲ್ಲ. ಆ ಕೈಯನ್ನೇ ಹಿಡಿದು ಮೂಗಿಗೆ ಒತ್ತಿಕೊಂಡರು. ಮಣ್ಣಿನಿಂದ ಕೈಗೆ ಹತ್ತಿ, ಎಷ್ಟು ತೊಳೆದರೂ ಹೋಗದ ಆ ಪುಡಿಯ ವಾಸನೆ!

"ಮೂವತ್ತು ವರ್ಷ ನಿಮ್ಮ ಅಂಗಿಗೆ ಇದ ವಾಸನಿ ಇರತಿತ್ತು," ಅಂದರು. "ಬಾಗಿಲದಾಗ ಇದು ಬಂತಂದ್ರ, ನೀವು ಉಳದು ಮನೀಗೆ ಬಂದ್ರಿ ಅಂತ ನನ್ನ ಜೀವಕ್ಕ ಸಮಾಧಾನ."

ಮಾವನವರ ಕಣ್ಣಿಂದ ನೀರು ಇಳಿಯುತ್ತಿತ್ತು. ಅತ್ತೆಯವರು ಮೂರೂ ಬಟಾಟೆ ತಿಂದರು. ಯಾರಿಗೂ ಒಂದು ತುಣುಕು ಕೊಡಲಿಲ್ಲ.