ಮಾವನ ಶಕ್ಕಿನ ಕಾಲಂ

ನಮ್ಮ ಸೋದರಮಾವ ಜಗತ್ತಿನ್ಯಾಗ ಒಬ್ಬರನ್ನೂ ನಂಬಂಗಿಲ್ಲ ಅಂದ್ರ ನೀವು ನಂಬಂಗಿಲ್ಲ! ಸುರಪುರದಿಂದ ಶಹಾಪುರಕ್ಕ ಬರೂದಿದ್ರ ಬಸ್ಸಿನ ಬೋರ್ಡು ಓದ್ತಾನ, ಕಂಡಕ್ಟರನ್ನ ಕೇಳ್ತಾನ, ಆಮ್ಯಾಲ ಡ್ರೈವರನ್ನ ಬ್ಯಾರೆ ಕರದು ಕೇಳ್ತಾನ. ಇಬ್ಬರ ಮಾತೂ ಒಂದಾದ್ರಷ್ಟೇ ಹತ್ತಾಂವ.

ಇಂಥಾ ಮನಷ್ಯಾ ಮಾಡೂ ಕೆಲಸ ಯಾವ್ದು ಗೊತ್ತೇನ್ರಿ? ಮದುವಿ ಕೂಡಸೂದು! ಒಮ್ಮಿ ಹತ್ತಿಕುಣಿಯೊಳಗ ಒಬ್ಬ ವರನ ಮನಿ ಹಿತ್ತಲ ತನಕ ನೋಡಬೇಕಂತ, "ಎಮ್ಮಿ ಕೊಳ್ಳಾಕ ಬಂದೀನ್ರಿ" ಅಂತ ಹೊಕ್ಕ. ವರ ಪಾಸಾಗ್ಲಿಲ್ಲ. ಎಮ್ಮಿ ಮಾತ್ರ ನಮ್ಮ ಮನಿಗಿ ಬಂತು! ಇವ ಅನುಮಾನ ಪಟ್ಟು ಬ್ಯಾಡಂದ ಎಷ್ಟೋ ಮಂದಿ ತಮ್ಮಷ್ಟಕ್ಕ ತಾವೇ ಲಗ್ನ ಆಗಿ, ಮಕ್ಕಳ ಹೆಸರಿಡಾಕ ಇವನ್ನೇ ಕರದಾರ.

ಅವನ ತಂಗಿ, ಅಂದ್ರ ನಮ್ಮ ಸಣ್ಣವ್ವ, ಸುರಪುರದಾಗ ಹೊಲಿಗಿ ಕಲಸ್ತಾಳ. ವಯಸ್ಸು ನಲವತ್ತು ಮುಟ್ಟಾಕತ್ತದ, ಲಗ್ನ ಇಲ್ಲ. ಆಕಿಗಿ ಬಂದ ಒಂದೊಂದು ಸಂಬಂಧಕ್ಕೂ ಮಾವಂದು ಒಂದೊಂದು ಅನುಮಾನ. ಒಬ್ಬಾಂವ ಚಾ ಕುಡಿಯಂಗಿಲ್ಲ, ಶಕ್! ಇನ್ನೊಬ್ಬಾಂವನ ಮನಿಗಿ ಎರಡು ಹಿತ್ತಲ ಬಾಗಲ, ಶಕ್! ಹಿಂಗಾದ್ರ ಆಕಿ ಬಾಳು ಹಿಂಗೇ ಹೋಗ್ತದಲ್ಲ ಅಂತ ನನಗ ಮಾವನ ಮ್ಯಾಲ ಭಾಳ ಸಿಟ್ಟಿತ್ತು.

ನಾನು ಶಹಾಪುರದಾಗ ವೆಬ್‌ಸೈಟ್ ಮಾಡಿಕೊಡ್ತೀನಿ. ಮಾವನಿಗೂ ಒಂದು ಮಾಡಿಕೊಟ್ಟೆ. ಸೈಟಿನ ಲೇಖನ, ಫೋಟೊ ಒಂದು ಕಡಿ ಇರ್ತಾವ. ವಧು-ವರರ ಪಟ್ಟಿಗಿ ಡೇಟಾಬೇಸಿನ್ಯಾಗ ಬ್ಯಾರೇನೇ ಟೇಬಲ್ ಕಟ್ಟಿದೆ. ಹೆಸರು, ಊರು, ವಯಸ್ಸು, ಫೋನ್ ನಂಬರ್, ಎಂಥವರು ಬೇಕು, ಮತ್ತ ಮಾವನ ಹಟಕ್ಕ ಕಡೀಕ ಒಂದು ಕಾಲಂ: 'ಶಕ್'. ಮಂದಿ ಕಾಗದದ ಫಾರ್ಮ್ ಕಳಸ್ತಾರ, ಮಾವ ತನ್ನ ಅನುಮಾನ ಹೇಳ್ತಾನ, ಸಣ್ಣವ್ವ ಟೈಪ್ ಮಾಡ್ತಾಳ. ಪುಟ ತೆರದ್ರ ಒಂದು ಕ್ವೆರಿ, ಅಂದ್ರ ಪಟ್ಟಿಗಿ ಹಾಕೂ ಪ್ರಶ್ನಿ, ಓಡ್ತದ: ಶಕ್ ಕಾಲಂ ಖಾಲಿ ಇದ್ದವರನ್ನಷ್ಟೇ ತೋರ್ಸು.

ಮೊದಲ್ನೇ ದಿನ ತೆರದ್ರ ಪುಟ ಬೋಳು! ಒಂದು ಹೆಸರಿಲ್ಲ.

"ಎಲ್ಲಿಗಿ ಸಾಗಿಸಿದೆಲೇ ನನ್ನ ವರಗೋಳ್ನ? ಯಾದಗಿರಿ ದಲಾಲರಿಗಿ ಕೊಟ್ಟೇನು?"

"ಮಾವ, ನೀ ಒಬ್ಬರ ಕಾಲಮ್ಮೂ ಖಾಲಿ ಬಿಟ್ಟಿಲ್ಲ!"

"ಖಾಲಿ ಬಿಡೂವಂಥಾಂವ ಯಾಂವ ಅದಾನ, ತೋರ್ಸು!"

ಏನ್ ಹೇಳ್ತೀರಿ ಇದಕ್ಕ? ಅವತ್ತಿನಿಂದ ನನ್ನ ಮ್ಯಾಲೂ ಒಂದು ಕಣ್ಣಿಟ್ಟ.

ಹೋದ ವಾರ ಸಣ್ಣವ್ವ ಒಬ್ಬಾಕಿನೇ ನನ್ನ ಅಂಗಡಿಗಿ ಬಂದ್ಲು. ನೀರೂ ಕುಡೀಲಿಲ್ಲ.

"ಆ ಶಕ್ಕಿನ ಷರತ್ತು ತಗದು ಒಂದ್ಸಲ ನೋಡಪಾ. ಊರು ಹುಣಸಗಿ, ವಯಸ್ಸು ನಲವತ್ತರ ಮ್ಯಾಲ."

ಕ್ವೆರಿಯೊಳಗಿನ ಆ ಸಾಲು ಅಳಿಸಿ ಓಡಿಸಿದೆ. ಒಂದೇ ಹೆಸರು ಬಂತು. ಹತ್ತು ವರ್ಷದ ಹಿಂದ ಸಣ್ಣವ್ವನ್ನ ನೋಡಾಕ ಬಂದಿದ್ದ ಸಾಲಿ ಮಾಸ್ತರು! ಇನ್ನೂ ಲಗ್ನ ಆಗಿಲ್ಲ. 'ಎಂಥವರು ಬೇಕು' ಅನ್ನೂದ್ರಾಗ, "ಸುರಪುರದಾಗ ಒಮ್ಮಿ ನೋಡಿ ಬಂದೀನಿ. ಅವರೇ ಆಗಬೇಕು" ಅಂತಿತ್ತು.

"ನಿನಗ ಇದು ಗೊತ್ತಿತ್ತೇನು?"

"ವರ್ಷಕ್ಕೊಮ್ಮಿ ಮಾಸ್ತರ ಫಾರ್ಮ್ ಬರ್ತದ. ನಾನೇ ಟೈಪ್ ಮಾಡ್ತೀನಲ್ಲ" ಅಂದ್ಲು.

ಅಷ್ಟರಾಗ ಬಾಗಲದಾಗ ಮಾವ! ತಂಗಿ ಮ್ಯಾಲ ಶಕ್ ಬಂದು ಆಕಿ ಬೆನ್ನಿಗೇ ಮುಂದಿನ ಬಸ್ಸು ಹಿಡದು ಬಂದಿದ್ದ.

"ಏನ್ ಮಸಲತ್ತು ನಡಸೀರಿ ಇಬ್ರೂ?" ಅಂತ ಕಂಪ್ಯೂಟರಿಗಿ ಮುಖಾ ಹಚ್ಚಿ, ತಾನು ಬರಸಿದ್ದನ್ನ ತಾನೇ ಓದಿದ: "ಹೆಣ್ಣು ನೋಡಾಕ ಬಂದಾಗ ಭಾಳ ನಕ್ಕ. ಒಳಗ ಏನೋ ಅದ."

ಸಣ್ಣವ್ವ ತಲಿ ಎತ್ತಲಿಲ್ಲ. "ನಾನೂ ನಕ್ಕಿದ್ನೆಪಾ, ಅಣ್ಣಾ. ಅದನ್ನ ನೀ ಬರಸಲಿಲ್ಲ."

ಮಾವ ಕುರ್ಚಿ ಮ್ಯಾಲ ಕುಂತುಬಿಟ್ಟ. ಅವನ ಅಂಥಾ ಮುಖಾ ನಾ ಎಂದೂ ನೋಡಿದ್ದಿಲ್ಲ. ನನ್ನ ಸಿಟ್ಟೆಲ್ಲಾ ಇಳದ್ಹೋತು. ಮಾವ ಕಂಪ್ಯೂಟರಿನ್ಯಾಗ ಮಾಸ್ತರ ನಂಬರ್ ನೋಡಿ, ತನ್ನ ಫೋನಿನ್ಯಾಗ ತಾನೇ ಒತ್ತಿದ.

"ಮಾಸ್ತರ, ನಾ ಸುರಪುರದಿಂದ್ರಿ... ಹೌದ್ರಿ, ಅವನೇ. ತಪ್ಪಾತ್ರಿ ನನ್ನಿಂದ. ಇನ್ನೂ ನಗ್ತೀರೇನ್ರಿ?... ತಂಗಿ ಇಲ್ಲೇ ಅದಾಳ್ರಿ. ಕೊಡ್ತೀನಿ."