ಹೀರಾಳ ಮೇಣದ ಕಾಲು

ಉಳಿದ ಆಯುಷ್ಯವನ್ನು ಹೆಂಡತಿಯ ಸೇವೆಗೆ ಮುಡಿಪಿಡುತ್ತೇನೆ ಎಂದು ಹೊರಟ ಗಂಡಸಿಗೆ ಈ ಕಾಲದಲ್ಲಿ ಕಿಮ್ಮತ್ತಿಲ್ಲ. ಹೇಗೆಂದು ಹೇಳುತ್ತೇನೆ, ಕೇಳಿ.

ನಾನು ದೇವಾನಂದ, ಕದ್ರಾದ ವಿದ್ಯುತ್ ಕೇಂದ್ರದಲ್ಲಿ ಆಪರೇಟರ್. ಮದುವೆಯಾದಾಗಿನಿಂದ ವಾರವಿಡೀ ನಾನು ಅಲ್ಲಿನ ಕ್ವಾರ್ಟರ್ಸಿನಲ್ಲಿ, ಹೆಂಡತಿ ಹೀರಾ ಅಂಕೋಲಾ ಹತ್ತಿರ ಬೊಬ್ರುವಾಡದ ಮನೆಯಲ್ಲಿ. ಶನಿವಾರ ಸಂಜೆ ಬಂದು ಸೋಮವಾರ ಬೆಳಿಗ್ಗೆ ಬಸ್ಸು ಹತ್ತುವ ನೆಂಟ ನಾನು. ಈ ತಿಂಗಳ ಕೊನೆಗೆ ನಿವೃತ್ತಿ. ನಮ್ಮ ಸಾಹೇಬರು, "ಗುತ್ತಿಗೆ ಮೇಲೆ ಇನ್ನೊಂದು ವರ್ಷ ಇರ್ತೀರಾ? ಸೋಮವಾರದೊಳಗೆ ಹೇಳಿ" ಎಂದಿದ್ದರು. ಇಷ್ಟನ್ನು ಮನೆಯಲ್ಲಿ ತಿಳಿಸಿದ್ದೆ. ಒಲ್ಲೆ ಎನ್ನಲು ನಿಶ್ಚಯಿಸಿದ್ದು ಮಾತ್ರ ಗುಟ್ಟು. (ಕಳೆದ ತಿಂಗಳು ರಜೆ ಹಾಕಿ ಹದಿನೈದು ದಿನ ಮನೆಯಲ್ಲಿದ್ದು, ಅಡಿಗೆಮನೆಯ ಡಬ್ಬಿಗಳನ್ನೆಲ್ಲ ಕಂಟ್ರೋಲ್ ರೂಮಿನ ಶಿಸ್ತಿಗೆ ತಂದಿದ್ದೆ. ಸಾಸಿವೆ ಎಲ್ಲಿದೆಯೆಂದು ಹೀರಾ ಇವತ್ತಿಗೂ ಕದ್ರಾಕ್ಕೆ ಫೋನ್ ಮಾಡಿ ಕೇಳುತ್ತಾಳೆ. ನಾನಿಲ್ಲದೆ ಅವಳಿಗೆ ನಡೆಯುವುದಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೆ?)

ಶುಭವಾರ್ತೆಗೆ ತಕ್ಕ ಸಂದರ್ಭ ಬೇಕಲ್ಲ? ಭಾನುವಾರ ಅಂಕೋಲಾ–ಕಾರವಾರದ ಹಳೆಯ ಚರ್ಚುಗಳು ಮತ್ತು ಒಂದು ಶಿಲ್ಪ ಸಂಗ್ರಹಾಲಯದ ಪ್ರವಾಸವನ್ನು ಏರ್ಪಡಿಸಿದೆ. ಸ್ಟಿಯರಿಂಗು ಮಗಳು ಪ್ರೇಕ್ಷಾಳ ಕೈಗೆ, ವಿವರಣೆ ನನ್ನ ಬಾಯಿಗೆ.

"ಈ ಗೋಡೆಯ ದಪ್ಪ ನೋಡು ಹೀರಾ. ಚಿರೆಕಲ್ಲು, ಸುಣ್ಣ, ಬೆಲ್ಲ ಎಲ್ಲ ಹದವಾಗಿ ಕಲಸಿ ಕಟ್ಟಿದ್ದು."

"ಬೆಲ್ಲ ಹಾಕೂದು ನೀವು ನೋಡಿದ್ರಾ?"

"ಚರಿತ್ರೆ ಅಂದ್ರೆ ನೋಡೂದಲ್ಲ, ತಿಳ್ಕೊಳ್ಳೂದು."

"ಹಂಗಾದ್ರೆ ತಿಳ್ಕಂಡೆ. ಇನ್ನು ನೆರಳಲ್ಲಿ ಕೂತ್ಕಂತೆ."

ಎರಡನೆಯ ಚರ್ಚಿನಲ್ಲೂ ಇದೇ ಸಂಭಾಷಣೆ, ಬೇರೆ ನೆರಳು. ಸಂಗ್ರಹಾಲಯದಲ್ಲಿ ಮಾತ್ರ ಅವಳಿಗೆ ಆಸಕ್ತಿ ಹುಟ್ಟಿತು. ಅಲ್ಲಿ ಆಳೆತ್ತರದ ಶಿಲ್ಪಗಳಲ್ಲಿ ಒಬ್ಬಳು ಭತ್ತ ಕುಟ್ಟುತ್ತಿದ್ದಳು, ಒಬ್ಬ ಅಂಗಳದಲ್ಲಿ ಕೂತು ಬಲೆ ಹೆಣೆಯುತ್ತಿದ್ದ. ಒನಕೆ ಹಿಡಿಯುವ ರೀತಿ ತಪ್ಪೆಂದು ನಾನು ಆ ಹೆಂಗಸಿಗೆ (ಅಂದರೆ ಶಿಲ್ಪಕ್ಕೆ) ತಿದ್ದಿ ಹೇಳುತ್ತಿದ್ದೆ. ಹೀರಾ ಬಲೆಯವನ ಮುಂದೆಯೇ ನಿಂತುಬಿಟ್ಟಳು.

"ಎಷ್ಟು ಚಂದ ಕೂತಾನೆ ನೋಡು ಪ್ರೇಕ್ಷಾ. ತನ್ನ ಕೆಲ್ಸ ಎಂತದೋ ಅದಷ್ಟೇ. ಹೆಂಡ್ತಿ ಹತ್ರ ಹೋಗಿ ಭತ್ತ ಹಿಂಗೆ ಕುಟ್ಟು, ಹಂಗೆ ಕುಟ್ಟು ಅನ್ನೂದಿಲ್ಲ."

"ಅದು ಕಲ್ಲಲ್ವೇನೇ?" ಎಂದೆ.

"ಅದ್ಕೇ ಹೇಳಿದ್ದು."

ಕೊನೆಯ ಚರ್ಚಿನ ಹೊರಗೆ ಒಬ್ಬ ಹೆಂಗಸು ಮೇಣದ ಬತ್ತಿಯ ಜೊತೆ ಮೇಣದ ಕೈ, ಕಾಲು, ಕಣ್ಣುಗಳನ್ನೂ ಮಾರುತ್ತಿದ್ದಳು. ಯಾವ ಅಂಗಕ್ಕೆ ನೋವೋ ಅದನ್ನು ಕೊಂಡು ಹರಕೆ ಒಪ್ಪಿಸುವುದು ನಮ್ಮ ಕಡೆ ಎಲ್ಲ ಜಾತಿಯವರಿಗೂ ರೂಢಿ. ನಾನು ಈ ಕುರಿತು ಉಪನ್ಯಾಸಕ್ಕೆ ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಬೆಳಗಿನಿಂದ ನೆರಳು ಹುಡುಕುತ್ತಿದ್ದ ಹೀರಾ ಸೀದಾ ಹೋಗಿ ಒಂದು ಮೇಣದ ಕಾಲು ಕೊಂಡಳು! ಒಳಗೆ ಒಯ್ದಿಟ್ಟು, ಕಣ್ಣು ಮುಚ್ಚಿ ಬಹಳ ಹೊತ್ತು ಕೈಮುಗಿದಳು.

ಪಾಪ, ಕಾಲು ನೋವು! ಒಂದು ದಿನವೂ ಹೇಳಲಿಲ್ಲವಲ್ಲ. ನಾನೋ ಬಿಸಿಲಲ್ಲಿ ಮೆಟ್ಟಿಲು ಹತ್ತಿಸಿ ಗೋಡೆಯ ದಪ್ಪ ತೋರಿಸುತ್ತಿದ್ದೆ. ಅವಳ ಚೀಲ ನಾನೇ ಹಿಡಿದುಕೊಂಡು ಕಾರಿನ ಬಾಗಿಲು ತೆಗೆದೆ. ಅವಳು ನನ್ನನ್ನು ಸಂಶಯದಿಂದ ನೋಡಿದಳು.

ವಾಪಸು ಬರುವಾಗ ಅವರ್ಸಾದಲ್ಲಿ ಚಹಾಕ್ಕೆ ನಿಂತೆವು. ಇನ್ನು ತಡೆಯಲಾಗಲಿಲ್ಲ.

"ಹೀರಾ, ನಿನ್ನ ಕಾಲುನೋವು ನಂಗೆ ಗೊತ್ತಾಯ್ತು. ಆ ಗುತ್ತಿಗೆ ನಂಗೆ ಬೇಡ. ಬರೂ ತಿಂಗಳಿಂದ ನಾ ಮನೇಲೇ ಇರ್ತೆ. ಬೆಳಿಗ್ಗೆ ಎದ್ದಾಗಿಂದ ಮಲಗೂವರೆಗೆ ನಿನ್ನ ಪಕ್ಕದಲ್ಲೇ!"

ಹೀರಾಳ ಲೋಟ ಅರ್ಧ ದಾರಿಯಲ್ಲೇ ನಿಂತಿತು. ಪ್ರೇಕ್ಷಾಳಿಗೆ ಚಹಾ ನೆತ್ತಿಗೇರಿತು.

"ಅಪ್ಪಾ, ಅದು ಆಯಿ ಕಾಲಲ್ಲ, ನಿಮ್ದು."

"ನನ್ನ ಕಾಲಿಗೆ ಎಂತಾ ಆಗಿದೆ?"

"ಎಂತದೂ ಆಗ್ಲಿಲ್ಲ. ಇನ್ನೊಂದು ವರ್ಷ ಅದು ಕದ್ರಾದಲ್ಲೇ ಗಟ್ಟಿ ನಿಲ್ಲಬೇಕು ಅಂತ ಹರಕೆ."

ಹೀರಾ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಹತ್ರ ಹೇಳಿದ್ರೆ ಬೇಜಾರ ಮಾಡ್ಕಂತ್ರಿ ಅಂತ ದೇವರ ಹತ್ರ ಹೇಳ್ದೆ. ಶನಿವಾರ ನೀವು ಬರ್ತ್ರಿ ಅಂದ್ರೆ ನಂಗೆ ಶುಕ್ರವಾರದಿಂದಲೇ ಖುಷಿ. ಸುಳ್ಳಲ್ಲ. ಆದ್ರೆ ಆ ಹದಿನೈದು ದಿನ, ನನ್ನ ಮನೇಲಿ ನಂಗೇ ಸಾಸಿವೆ ಸಿಗ್ಲಿಲ್ಲ."

ನನಗೆ ಬಹಳ ಬೇಸರವಾಯಿತು. ನಗುವ ವಿಷಯವಲ್ಲ ಇದು, ನಿಜವಾಗಿಯೂ ಬೇಸರವಾಯಿತು. ಆದರೆ ದೇವರಿಗೇ ಅರ್ಜಿ ಹೋದ ಮೇಲೆ ನನ್ನದೇನು ನಡೆಯುತ್ತದೆ? ಸಾಹೇಬರಿಗೆ ಫೋನ್ ಹಚ್ಚಿದೆ. ಕಿವಿಯಾರೆ ಕೇಳಬೇಕೆಂದು ಹೀರಾ ಸ್ಪೀಕರ್ ಹಾಕಿಸಿದಳು.

"ಸಾರ್, ಗುತ್ತಿಗೆಗೆ ಒಪ್ಪಿದ್ದೇನೆ."

"ಒಳ್ಳೇದಾಯ್ತು ದೇವಾನಂದ. ಮನೆಯಲ್ಲಿ ಏನಂದ್ರು?"

ಇಷ್ಟು ವರ್ಷ ದುಡಿದವನಿಗೆ ಎಳ್ಳಷ್ಟಾದರೂ ಮಾನ ಬೇಡವೆ? "ಹೆಂಡತಿ ಅಳ್ತಾ ಇದ್ದಾಳೆ ಸಾರ್," ಎಂದೆ. "ಬಿಟ್ಟಿರೂಕೆ ಆಗೂದೇ ಇಲ್ಲ ಅಂತಾಳೆ. ಆದರೂ ಕರ್ತವ್ಯ..."

ಸಾಹೇಬರು ಮೃದು ಮನಸ್ಸಿನವರು. "ಅಯ್ಯೋ ಪಾಪ! ಹಾಗಾದ್ರೆ ಬೇಡವೇ ಬೇಡ. ಇಷ್ಟು ವರ್ಷ ಆ ತಾಯಿ ಒಬ್ಬರೇ ಇದ್ದದ್ದು ಸಾಕು. ನೀವು ಆರಾಮಾಗಿ ಮನೇಲಿರಿ, ನಾನು ಬೇರೆಯವರನ್ನು ನೋಡ್ತೇನೆ."

ಫೋನು ನನ್ನ ಕೈಯಿಂದ ಯಾವಾಗ ಹೋಯಿತೋ ತಿಳಿಯಲಿಲ್ಲ.

"ಹಲೋ ಸಾರ್, ನಾ ಹೀರಾ. ಇಲ್ಲಿ ಯಾರೂ ಅಳ್ತಾ ಇಲ್ಲ! ಒಂದು ವರ್ಷ ಎಂತಕ್ಕೆ, ಎರಡು ವರ್ಷ ಇಟ್ಕಳಿ. ಬೇಕಾದ್ರೆ ಈಗ್ಲೇ ತಂದು ಬಿಡ್ತೆ. ಪ್ರೇಕ್ಷಾ, ಗಾಡಿ ತಿರಗ್ಸೇ!"